ಸ್ಟೇಬಲ್ ರಂಗಸ್ವಾಮಿ

ನಮ್ಮ ಸರ್ವರ್ ರೂಮಿಗೆ ಯಾರೇ ಬರಲಿ, ಬಾಗಿಲಲ್ಲೇ ಚಪ್ಪಲಿ ಬಿಡಬೇಕಾಗಿತ್ತು. ಪ್ರಿನ್ಸಿಪಾಲರು ಬಿಡುತ್ತಿದ್ದರು, ಎ.ಸಿ. ರಿಪೇರಿಯವನು ಬಿಡುತ್ತಿದ್ದ. ಒಮ್ಮೆ ಬೆಂಗಳೂರಿನಿಂದ ತಪಾಸಣೆಗೆ ಬಂದ ದಪ್ಪ ದೇಹದ ಹಿರಿಯರೊಬ್ಬರು ಶೂ ಲೇಸು ಬಿಚ್ಚಲು ಬಗ್ಗಲಾರದೆ ಗೋಡೆ ಹಿಡಿದು ನಿಂತರು. ಆಗಲೂ ರಂಗಸ್ವಾಮಿ ಸಾರ್ ವಿನಾಯಿತಿ ಕೊಡಲಿಲ್ಲ, ಒಂದು ಸ್ಟೂಲು ತಂದು ಹಾಕಿದರು. ಒಳಗೆ ಕರಿ ಬೀರುವಿನಂಥ ಪೆಟ್ಟಿಗೆ. ಅದರ ಹಣೆಗೆ ಅರಿಶಿನ ಕುಂಕುಮ, ಶುಕ್ರವಾರವಾದರೆ ಒಂದು ಮೊಳ ಸೇವಂತಿಗೆ. ಪಕ್ಕದ ಪುಟ್ಟ ಪರದೆಯಲ್ಲಿ ಆ ಯಂತ್ರವನ್ನು ಕೊನೆಯ ಸಲ ಆರಿಸಿ ಹಚ್ಚಿ ಎಷ್ಟು ಕಾಲವಾಯಿತು ಎಂಬ ಲೆಕ್ಕ ಓಡುತ್ತಿತ್ತು. ಹಾಲು ಕೊಡುವ ಹಸುವಿನ ಕೆಚ್ಚಲು ತೋರಿಸುವವರ ಹಾಗೆ ಅವರು ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. "ನೋಡಿ, ಒಂದು ಸಲವೂ ಕೆಮ್ಮಿಲ್ಲ. ಫುಲ್ ಸ್ಟೇಬಲ್."

ಇಷ್ಟೆಲ್ಲ ಮಡಿ ಮಾಡಿಸಿಕೊಂಡ ಆ ಯಂತ್ರದೊಳಗಿನ, ಕಾಲೇಜಿನ ಸೈಟನ್ನು ನೋಡುವವರಿಗೆ ತಲುಪಿಸುವ ವೆಬ್ ಸರ್ವರ್ ತಂತ್ರಾಂಶಕ್ಕೆ ವರ್ಷಗಳಿಂದ ಒಂದೇ ಒಂದು ಅಪ್‌ಡೇಟ್ ಬಿದ್ದಿರಲಿಲ್ಲ. ಧೂಳು ಬರದಂತೆ ಕಾಯುತ್ತಿದ್ದ ಮನುಷ್ಯ ಕಳ್ಳರಿಗೆ ಬಾಗಿಲು ತೆಗೆದೇ ಇಟ್ಟಿದ್ದರು.

ಹಾಸನದ ಒಂದು ಖಾಸಗಿ ವಿದ್ಯಾಸಂಸ್ಥೆಯ ಕಂಪ್ಯೂಟರ್ ವಿಭಾಗಕ್ಕೆ ಅವರು ಮುಖ್ಯಸ್ಥರು. ಹಾಸನವಲ್ಲದೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲೂ ಸಂಸ್ಥೆಯ ಕಾಲೇಜುಗಳಿದ್ದವು. ಪ್ರವೇಶ, ಹಾಲ್ ಟಿಕೆಟ್ಟು, ಫಲಿತಾಂಶ, ಎಲ್ಲ ಕಾಲೇಜಿನದೂ ಆ ಒಂದೇ ಪೆಟ್ಟಿಗೆಯಿಂದ ಹೊರಡಬೇಕು. ನಾನು ಕೊರವಂಗಲದಿಂದ ದಿನವೂ ಬಸ್ಸಿನಲ್ಲಿ ಬಂದು ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದೆ. ಅವರ ಊರು ಹೊಳೆನರಸೀಪುರ. ಬೇಸಿಗೆಯಲ್ಲೂ ತೋಳಿಲ್ಲದ ಸ್ವೆಟರ್, ಜೇಬಿನಲ್ಲಿ ಎರಡು ಪೆನ್ನು. ಅವರು ಬರೆದದ್ದನ್ನು ನಾನು ಕಂಡದ್ದಿಲ್ಲ. ಯಾವ ಮೇಲ್ ಕಳಿಸಿದರೂ ಅವರ ಉತ್ತರ ಒಂದೇ ಪದ: ನೋಟೆಡ್. ಮಳೆನೀರು ಸೋರುತ್ತಿದೆ ಎಂದರೂ ನೋಟೆಡ್, ನನ್ನ ತಂಗಿಯ ಮದುವೆಗೆ ಬನ್ನಿ ಎಂದರೂ ನೋಟೆಡ್. ಹುಡುಗರು ಅವರಿಗೆ ಸ್ಟೇಬಲ್ ರಂಗಸ್ವಾಮಿ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಬಿರುದು ಎಂದುಕೊಂಡರು.

ಸೇರಿದ ಹೊಸತರಲ್ಲಿ ನಾನು ಅಪ್‌ಡೇಟಿನ ಮಾತೆತ್ತಿದೆ.

"ಸಾರ್, ಈ ತಂತ್ರಾಂಶ ಬರೆಯೋರು ಹೊಸ ಆವೃತ್ತಿ ಬಿಟ್ಟಿದ್ದಾರೆ. ನಮ್ಮಲ್ಲಿರೋದರಲ್ಲಿ ತೂತಿದೆಯಂತೆ. ಬೇಗ ಹಾಕ್ಕೊಳ್ಳಿ ಅಂತ ಬರೆದಿದ್ದಾರೆ."

"ಯಾರಮ್ಮ ಅವರು ಬರೆಯೋರು?"

"ಓಪನ್ ಸೋರ್ಸ್ ಸಾರ್. ಬೇರೆ ಬೇರೆ ದೇಶದಲ್ಲಿ ಕೂತು ಎಲ್ಲ ಸೇರಿ ಬರೀತಾರೆ."

"ಸಂಬ್ಳ ಯಾರು ಕೊಡ್ತಾರೆ?"

"ಬಹಳ ಜನಕ್ಕೆ ಸಂಬಳ ಇಲ್ಲ ಸಾರ್."

ಅವರ ಮುಖ ಅರಳಿತು. ವಾದ ಗೆದ್ದವರ ಹಾಗೆ ಕುರ್ಚಿಗೆ ಒರಗಿದರು. "ಅಂಗೇಳು ಮತ್ತೆ. ಸಂಬ್ಳ ಇಲ್ದಿರೋರು ಸುಮ್ನೆ ಕೂರಾಕಾಗ್ದೆ ತಿಂಗ್ಳಿಗೊಂದು ತೂತು ಉಡುಕ್ತಾರೆ. ಅವರು ಉಡುಕಿದ್ರು ಅಂತ ನಾವು ನಮ್ಮ ಗ್ವಾಡೆ ಒಡ್ಕೊಬೇಕಾ? ಸ್ಟೇಬಲ್ ಆಗೈತೆ ಕಣಮ್ಮ. ಮುಟ್ಬ್ಯಾಡ."

ಆ ಸಂಬಳವಿಲ್ಲದವರ ತಂತ್ರಾಂಶವನ್ನು ಪುಕ್ಕಟೆ ತಂದು ಹಾಕಿ ಸಂಸ್ಥೆಗೆ ಉಳಿತಾಯ ಮಾಡಿಕೊಟ್ಟೆ ಎಂದು ಪ್ರತಿ ವರ್ಷದ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುತ್ತಿದ್ದವರೂ ಇವರೇ.

ಈ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಬೀಗ ಮಾಡಿದವನೇ ಬಂದು, "ಅಮ್ಮಾ, ನಾನು ಕೊಟ್ಟ ಬೀಗ ಹೇರ್‌ಪಿನ್ನಿಗೂ ತೆರೆದುಕೊಳ್ಳುತ್ತೆ, ತಗೊಳ್ಳಿ, ಈ ಹೊಸ ಭಾಗ ಹಾಕಿಕೊಳ್ಳಿ, ದುಡ್ಡು ಬೇಡ" ಎಂದು ಬೀದಿಯಲ್ಲಿ ನಿಂತು ಕೂಗಿ ಹೇಳುತ್ತಾನೆ ಎಂದುಕೊಳ್ಳಿ. ಬೀದಿಯಲ್ಲಿ ಕಳ್ಳರೂ ಕೇಳಿಸಿಕೊಳ್ಳುತ್ತಾರೆ. ಆಮೇಲೂ ಹಳೇ ಬೀಗವನ್ನೇ ಹಾಕಿಕೊಂಡಿದ್ದರೆ ತಪ್ಪು ಬೀಗದವನದಲ್ಲ. ಯಾವುದೋ ದೇಶದಲ್ಲಿ ಭಾನುವಾರ ಬಿಟ್ಟುಕೊಟ್ಟು, ಇನ್ನೊಬ್ಬರ ತಪ್ಪನ್ನು ಹುಡುಕಿ ತಿದ್ದಿ, ಕೊನೆಗೆ "ದಯವಿಟ್ಟು ಹಾಕಿಕೊಳ್ಳಿ" ಎಂದು ಬೇಡಿಕೊಳ್ಳುವ ಜನ ಅವರು. ಅವರ ಪ್ರಕಟಣೆ ಬಂದಾಗಲೆಲ್ಲ ನಾನು ರಂಗಸ್ವಾಮಿ ಸಾರಿಗೆ ಕಳಿಸುತ್ತಿದ್ದೆ. ಸರ್ವರಿನ ಪಾಸ್‌ವರ್ಡ್ ಅವರೊಬ್ಬರ ಬಳಿಯೇ ಇತ್ತು. ಉತ್ತರ ಬರುತ್ತಿತ್ತು. ಯಾವ ಉತ್ತರ ಎಂದು ಹೇಳಬೇಕಾಗಿಲ್ಲ.

ಅವರ ಭಯದ ಬೇರನ್ನು ಒಮ್ಮೆ ಅವರೇ ಹೇಳಿದರು. ನನಗಿಂತ ಹಿಂದೆ ಇದ್ದವನೊಬ್ಬ ಫಲಿತಾಂಶದ ದಿನವೇ ಅಪ್‌ಡೇಟ್ ಹಾಕಿ, ಏನೋ ಹೊಂದಿಕೆಯಾಗದೆ ಸೈಟು ಮಲಗಿತಂತೆ. ಹೊರಗೆ ಹುಡುಗರು, ಪೋಷಕರು. ಸಂಸ್ಥೆಯ ಕಾರ್ಯದರ್ಶಿಗಳು ಎಲ್ಲರ ನಡುವೆ ಬಂದು ನಿಂತು, "ಲೇ ರಂಗಸ್ವಾಮಿ, ದನ ಕಾಯಾಕೋಗು" ಎಂದರಂತೆ.

"ಲೇ ಅಂದ್ಬುಟ್ರು ಕಣಮ್ಮ," ಎಂದರು ಸಾರ್. ದನ ಕಾಯುವುದು ಅವರಿಗೆ ಅವಮಾನವೆನಿಸಿರಲಿಲ್ಲ, ಅವರ ತಂದೆ ಕಾದಿದ್ದರು. "ನನ್ನ ಸ್ಟೂಡೆಂಟ್ಸ್ ಮುಂದೆ ಲೇ ಅಂದ್ರು."

ಅವತ್ತು ಕನಿಕರ ಬಂತು. ಆದರೆ ಸಂಜೆ ಬಸ್ಸಿನಲ್ಲಿ ಕೂತು ಯೋಚಿಸಿದರೆ ಅದು ಉಳಿಯಲಿಲ್ಲ. ಒಬ್ಬರ ಬಾಯಿಂದ ಬಂದ ಒಂದು ಲೇ ಎಂಬ ಮಾತಿಗೆ ಹೆದರಿ ನಾಲ್ಕು ಊರಿನ ಮಕ್ಕಳ ವಿವರಗಳನ್ನೆಲ್ಲ ಬಯಲಿಗಿಟ್ಟು ಕೂತಿದ್ದರು. ಅದಕ್ಕೆ ಅನುಭವ ಎಂದು ಬೇರೆ ಹೆಸರು ಕೊಟ್ಟುಕೊಂಡಿದ್ದರು.

ಹಾಗಂತ ಕೆಟ್ಟವರೇ ಎಂದರೆ, ಅದೇ ಕಷ್ಟ. ನನ್ನಮ್ಮ ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಸಂಜೆ ಸಂಜೆ ಕ್ಯಾರಿಯರಿನಲ್ಲಿ ಬಿಸಿ ಇಡ್ಲಿ ಹಿಡಿದು ಬರುತ್ತಿದ್ದರು. ಹಾಸಿಗೆಯ ಪಕ್ಕ ಕೂತು, "ನಿಮ್ಮ ಮಗಳಿಗೆ ಮೈಯೆಲ್ಲ ಅವಸರ ಕಣಕ್ಕ. ಇದ್ದದ್ದು ಇದ್ದಂಗೆ ಇರಾಕೆ ಬುಡಾಕಿಲ್ಲ" ಎಂದು ನನ್ನ ಮೇಲೆ ದೂರು ಹೇಳುತ್ತಿದ್ದರು. ಅಮ್ಮ ಆ ಕಾಯಿಲೆಯಲ್ಲೂ ನಗುತ್ತಿದ್ದಳು. ಅವಳಿಗೆ ಇವತ್ತಿಗೂ ರಂಗಸ್ವಾಮಿ ಎಂದರೆ ದೇವರಂಥ ಮನುಷ್ಯ. ನಾನು ತಿದ್ದಲು ಹೋಗಿಲ್ಲ.

ಪರೀಕ್ಷೆ ಹತ್ತಿರ ಬಂದಿದ್ದಾಗ ಒಂದು ಬೆಳಿಗ್ಗೆ ಕಚೇರಿಗೆ ಒಂದು ಫೋನು ಬಂತು. ಸಾರ್ ಸ್ಪೀಕರಿಗೆ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರು.

"ನಮಸ್ಕಾರ ಸಾ. ಅರಕಲಗೂಡು ಕಡೆಯಿಂದ ಪುಟ್ಟಸ್ವಾಮಿ ಅಂತ. ನಮ್ ಮಗ್ಳು ಭವ್ಯ ನಿಮ್ ಕಾಲೇಜ್ನಾಗೆ ಬಿ.ಎಸ್ಸಿ. ಓದ್ತಾವ್ಳೆ. ಆಲ್ ಟಿಕೆಟ್ ನೋಡನ ಅಂತ ಫೋನಲ್ಲಿ ಕಾಲೇಜೆಸ್ರು ಒತ್ತುದ್ರೆ ಇಸ್ಪೀಟಾಟ ಬತ್ತದೆ ಸಾ. ಮೈಮ್ಯಾಲೆ ಬಟ್ಟೆ ಇಲ್ದಿರೋ ಎಂಗಸ್ರು ಬತ್ತಾವ್ರೆ."

ಸಾರ್ ತಮ್ಮ ಮೇಜಿನ ಕಂಪ್ಯೂಟರಿನಲ್ಲಿ ಕಾಲೇಜಿನ ಸೈಟು ತೆರೆದರು. ಕಟ್ಟಡದ ಚಿತ್ರ, ಸಂಸ್ಥಾಪಕರ ಚಿತ್ರ, ಎಲ್ಲ ನೆಟ್ಟಗಿತ್ತು.

"ಇಲ್ಲಿ ಸರಿಯಾಗೇ ಐತಲ್ಲ. ನೋಡಿ ಇವರೇ, ಫೋನಲ್ಲಿ ಏನು ನೋಡ್ತಿರ್ತಾರೋ ಅಂಥದ್ದೇ ಬತ್ತದೆ. ಮನೇಲಿ ಆ ಫೋನು ಯಾರ ಕೈಲಿರ್ತದೆ?"

"ಮಗ್ಳ ಕೈಲೇ ಸಾ."

"ಅಂಗಾದ್ರೆ ಮಗ್ಳನ್ನೇ ಕೇಳಿ," ಎಂದು ಫೋನಿಟ್ಟು, ಆರಿಹೋಗುತ್ತಿದ್ದ ಕಾಫಿಯನ್ನು ಮುಗಿಸಿದರು.

ನಾನು ನನ್ನ ಮೊಬೈಲಿನಲ್ಲಿ ಕಾಲೇಜಿನ ಹೆಸರು ಹುಡುಕಿ ಒತ್ತಿದೆ. ಇಸ್ಪೀಟಾಟವೇ ಬಂತು. ಅದೇ ವಿಳಾಸವನ್ನು ಕಂಪ್ಯೂಟರಿನಲ್ಲಿ ತೆರೆದರೆ ಸಂಸ್ಥಾಪಕರು ಮುಗುಳ್ನಗುತ್ತಿದ್ದರು. ಯಾರೋ ಸರ್ವರಿನೊಳಗೆ ನುಗ್ಗಿ, ಮೊಬೈಲಿನಿಂದ ಹುಡುಕಿಕೊಂಡು ಬಂದವರನ್ನು ಮಾತ್ರ ಜೂಜಿನ ಸೈಟಿಗೆ ತಿರುಗಿಸುವಂತೆ ಮಾಡಿದ್ದರು. ಕಾಲೇಜಿನವರು ನೋಡುವುದು ಕಂಪ್ಯೂಟರಿನಲ್ಲಿ, ಆದ್ದರಿಂದ ಅವರಿಗೆ ಗೊತ್ತೇ ಆಗಬಾರದು ಎಂಬುದು ಆ ಕಳ್ಳರ ಲೆಕ್ಕ. ಫೋನನ್ನು ಸಾರ್ ಮುಂದೆ ಹಿಡಿದೆ.

"ನೀನೂ ಎಲ್ಲೋ ಏನೋ ಒತ್ತಿದ್ದೀಯ," ಎಂದರು.

"ನಿಮ್ಮ ಫೋನಲ್ಲಿ ನೋಡಿ ಸಾರ್."

"ನನ್ನ ಫೋನಲ್ಲಿ ಅಂಥದ್ದೆಲ್ಲ ನಾನು ನೋಡಾಕಿಲ್ಲ," ಎಂದು ಅದನ್ನು ಡ್ರಾಯರಿಗೆ ಹಾಕಿದರು.

ಆ ವಾರ ಅರಕಲಗೂಡು ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಗೆಳತಿ ಫೋನಿನಲ್ಲಿ ಮಾತನಾಡುತ್ತಾ, ಚೆನ್ನಾಗಿ ಓದುವ ಭವ್ಯ ಎಂಬ ಹುಡುಗಿ ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದ್ದಾಳೆ ಎಂದಳು. ಅಪ್ಪ ಫೋನು ಕಿತ್ತುಕೊಂಡಿದ್ದಾನೆ, ಓದು ಸಾಕು ಎಂದಿದ್ದಾನೆ, ಏನು ಮಾಡಿದಳೋ ಯಾರೂ ಬಾಯಿ ಬಿಡುತ್ತಿಲ್ಲ. ಭಾನುವಾರ ಬಸ್ಸು ಹತ್ತಿ ಅರಕಲಗೂಡಿಗೆ ಹೋಗಿ, ಗೆಳತಿಯ ಜೊತೆ ಅವರ ಊರಿಗೆ ಹೋದೆ.

ಪುಟ್ಟಸ್ವಾಮಿ ಜಗಲಿಯಲ್ಲಿ ಕೂತು ಶುಂಠಿಯ ಮಣ್ಣು ಕೊಡವುತ್ತಿದ್ದರು. ಕಾಲೇಜಿನವಳು ಎಂದಾಗ ಎದ್ದು ನಿಂತರೇ ಹೊರತು ಕೂರಿ ಎನ್ನಲಿಲ್ಲ. ನಾನು ಹೆಚ್ಚು ಮಾತಾಡದೆ ನನ್ನ ಫೋನು ತೆಗೆದು ಅವರ ಎದುರಿಗೇ ಕಾಲೇಜಿನ ಹೆಸರು ಹುಡುಕಿ ಒತ್ತಿದೆ. ಇಸ್ಪೀಟೆಲೆಗಳು ಹಾರುತ್ತ ಬಂದವು. ಗೆಳತಿಯೂ ತನ್ನದರಲ್ಲಿ ಒತ್ತಿದಳು. ಅಲ್ಲೂ ಅದೇ.

"ಇದು ನಿಮ್ಮ ಮಗಳ ಫೋನಿನದಲ್ಲ ಅಣ್ಣ. ಕಾಲೇಜಿನ ಸರ್ವರ್‌ಗೆ ಕಳ್ಳರು ಹೊಕ್ಕಿದ್ದಾರೆ. ಯಾರ ಫೋನಿನಲ್ಲಿ ನೋಡಿದರೂ ಹೀಗೇ."

ಅವರು ಎರಡು ಫೋನನ್ನೂ ಬಹಳ ಹೊತ್ತು ನೋಡಿದರು. ಬಾಗಿಲ ಸಂದಿಯಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಮುಖ ಊದಿತ್ತು.

"ಮತ್ತೆ ಆ ಸಾಯೇಬ್ರು ಯಾಕಂಗಂದ್ರು?" ಎಂದರು ಪುಟ್ಟಸ್ವಾಮಿ.

ನಾನು ಫೋನನ್ನು ಚೀಲಕ್ಕೆ ಹಾಕಿಕೊಂಡೆ.

"ನೀವು ಬಂದ್ರಿ, ಸಂತೋಸ. ಆದ್ರೆ ಆ ಮಾತಾಡ್ದೋರು ಅವರು. ಅವ್ರ ಬಾಯಲ್ಲೇ ಇನ್ನೊಂದ್ಸಲ ಏಳ್ಸಿ, ನಿನ್ ಮಗ್ಳು ಏನೂ ಮಾಡಿಲ್ಲ ಅಂತ. ಆಮ್ಯಾಕೆ ಕಳುಸ್ತೀನಿ. ಇಲ್ದಿದ್ರೆ ನನ್ ಮನ್ಸೊಪ್ಪಕಿಲ್ಲ."

ಹುಡುಗಿ ಒಳಗೆ ಹೋದಳು.

ಮರುದಿನ ನಾನು ನೇರ ಕಾರ್ಯದರ್ಶಿಗಳ ಕೋಣೆಗೆ ಹೋದೆ. ಸಂಸ್ಥೆ ನಡೆಸುವ ಟ್ರಸ್ಟಿನ ಇನ್ನೂ ಕೆಲವರು ಕೂತಿದ್ದರು. ನಿಮ್ಮ ನಿಮ್ಮ ಮೊಬೈಲಿನಲ್ಲಿ ನಮ್ಮ ಕಾಲೇಜನ್ನು ಒಮ್ಮೆ ಹುಡುಕಿ ನೋಡಿ ಎಂದೆ, ಅಷ್ಟೇ. ಕಾರ್ಯದರ್ಶಿಗಳು ಬೆರಳು ಒದ್ದೆ ಮಾಡಿಕೊಂಡು ಒತ್ತಿದರು. ಕೋಣೆಯಲ್ಲಿ ಜೂಜಿನ ಸಂಗೀತ ಕೇಳಿಸಿತು. ರಂಗಸ್ವಾಮಿ ಸಾರಿಗೆ ಕರೆ ಹೋಯಿತು.

"ಇದು ಎಕ್ಸ್‌ಟರ್ನಲ್ ಥ್ರೆಟ್ ಸರ್," ಎಂದು ಸಾರ್ ಶುರು ಮಾಡಿದರು. "ಯೂಸರ್ ಬಿಹೇವಿಯರ್ ಮೇಲೆ ಡಿಪೆಂಡ್ ಆಗುತ್ತೆ. ಅವರವರು ಏನು ನೋಡಿರ್ತಾರೋ..."

"ರಂಗಸ್ವಾಮಿ," ಎಂದರು ಕಾರ್ಯದರ್ಶಿಗಳು, "ಇದು ನನ್ನ ಫೋನು ಕಣಯ್ಯ. ನಾನೇನು ನೋಡಿದ್ದೀನಿ ಅಂತ ಏಳು ಮತ್ತೆ."

ಸಾರ್ ಜೇಬಿನ ಪೆನ್ನು ತೆಗೆದು, ಮತ್ತೆ ಜೇಬಿಗೇ ಸಿಕ್ಕಿಸಿಕೊಂಡರು. ಅರ್ಧ ಗಂಟೆಯಲ್ಲಿ ಪಾಸ್‌ವರ್ಡ್ ನನ್ನ ಕೈಗೆ ಬಂತು.

ಒಳಗೆ ನೋಡಿದರೆ, ವೆಬ್ ಸರ್ವರಿನ ಸೆಟ್ಟಿಂಗಿನಲ್ಲಿ ಯಾರೋ ಕೆಲವೇ ಸಾಲು ಸೇರಿಸಿದ್ದರು. ಅವರು ನುಗ್ಗಿದ ತೂತು ಹೊಸದಲ್ಲ. ಬರೆದವರು ಎಂದೋ ಗುರುತಿಸಿ, ಮುಚ್ಚಿ, ಹಾಕಿಕೊಳ್ಳಿ ಎಂದು ಕೇಳಿಕೊಂಡಿದ್ದ ತೂತು. ನಾನು ಕಳಿಸಿದ್ದ, ಸಾರ್ ನೋಟೆಡ್ ಎಂದಿದ್ದ ತೂತು. ಅಂದು ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಎಲ್ಲವನ್ನೂ ಅಳಿಸಿ, ಹೊಸ ಆವೃತ್ತಿ ಹಾಕಿ, ಒಂದೊಂದು ಪುಟವನ್ನೂ ಪರೀಕ್ಷಿಸಿ ಮತ್ತೆ ಜೋಡಿಸಬೇಕಾಯಿತು. ಯಂತ್ರವನ್ನು ಆರಿಸಿ ಹಚ್ಚಿದಾಗ ಪುಟ್ಟ ಪರದೆಯ ಲೆಕ್ಕ ಸೊನ್ನೆಗೆ ಬಂತು. ಸಾರ್ ಬಾಗಿಲಲ್ಲಿ ಬರಿಗಾಲಲ್ಲಿ ನಿಂತು ನೋಡುತ್ತಿದ್ದರು, ಮನೆಯಲ್ಲಿ ಯಾರೋ ಹೋದಂಥ ಮುಖ. ಭವ್ಯಳ ಊದಿದ ಮುಖ ಕಂಡು ಬಂದಿದ್ದ ನನಗೆ ಸಾರ್ ಮುಖ ನೋಡಿ ಮೈ ಉರಿಯಿತು.

"ಸಾರ್, ಅರಕಲಗೂಡಿಗೆ ಒಂದು ಫೋನ್ ಮಾಡಿ. ತಪ್ಪು ನಮ್ಮದು ಅಂತ ಆ ತಂದೆಗೆ ಹೇಳಿ. ಪರೀಕ್ಷೆ ಬಂತು."

"ಕಾಲೇಜಿಂದ ಸರ್ಕ್ಯುಲರ್ ಓಗ್ತದೆ."

"ಸರ್ಕ್ಯುಲರ್ ಅಲ್ಲ ಸಾರ್. ನೀವು ಹೇಳಬೇಕಂತೆ."

"ನಾನು ಅವ್ರ ಮಗ್ಳ ಎಸ್ರೆತ್ತಿ ಏನೂ ಅಂದಿಲ್ಲಮ್ಮ. ಕೇಳಿ ಅಂದೆ, ಅಷ್ಟೇ."

ಅವರು ಫೋನು ಮಾಡಲಿಲ್ಲ. ಪುಟ್ಟಸ್ವಾಮಿಯವರೇ ಬಂದರು, ಮಗಳನ್ನು ಕರೆದುಕೊಂಡು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಸಾರ್ ಮೇಜಿನ ಮುಂದೆ ನಿಂತು ಕೈ ಮುಗಿದರು.

"ಸಾ, ಅವತ್ತು ಫೋನ್ ಮಾಡ್ದೋನು ನಾನೇಯ. ಮಗ್ಳನ್ನೇ ಕೇಳು ಅಂದ್ರಿ. ಕೇಳ್ದೆ. ಕೇಳಬಾರ್ದಂಗೆ ಕೇಳ್ದೆ. ಈಗ ನೀವೊಂದು ಮಾತು ಏಳ್ಬುಡಿ."

ರಂಗಸ್ವಾಮಿ ಸಾರ್ ಸ್ವೆಟರ್ ಎಳೆದುಕೊಂಡರು. ಅವರ ಬಾಯಿಂದ ಆವರೆಗೆ ನಾನು ಕೇಳಿರದಷ್ಟು ಉದ್ದದ ಇಂಗ್ಲಿಷ್ ಹೊರಟಿತು. ಟೆಕ್ನಿಕಲ್ ಗ್ಲಿಚ್, ಅನ್‌ಫಾರ್ಚುನೇಟ್ ಇನ್ಸಿಡೆಂಟ್, ಗ್ಲೋಬಲ್ ಫಿನಾಮಿನನ್. ಪುಟ್ಟಸ್ವಾಮಿ ತಾಳ್ಮೆಯಿಂದ ಕೇಳಿಸಿಕೊಂಡರು.

"ಕನ್ನಡ್ದಾಗೆ ಏಳಿ ಸಾ."

ಸಾರ್ ನನ್ನ ಕಡೆ ನೋಡಿದರು. ನಾನು ಅನುವಾದ ಮಾಡಲಿಲ್ಲ. ಹೊಳೆನರಸೀಪುರದ ನಡುಬೀದಿಯಲ್ಲಿ ಹುಟ್ಟಿ ಬೆಳೆದ ಮನುಷ್ಯನಿಗೆ ಆ ಹೊತ್ತಿನಲ್ಲಿ ಒಂದು ವಾಕ್ಯ ಕನ್ನಡ ಹುಟ್ಟಲಿಲ್ಲ. ಬಾಯಿ ತೆರೆದರು, ಮುಚ್ಚಿದರು. ಕೊನೆಗೆ, "ಕಾಫಿ ತರುಸ್ಲಾ?" ಎಂದರು.

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಭವ್ಯ ತಲೆಯೆತ್ತಿದಳು.

"ಅಪ್ಪ, ಬಾ ಓಗನ. ಇವ್ರು ಏಳಾಕಿಲ್ಲ."

"ಇರವ್ವ."

"ಎಷ್ಟೊತ್ತು ಇರದು? ಇವ್ರ ಬಾಯಿಂದ ಕೇಳ್ಬೇಕಾಗಿರದು ನಿಂಗೆ. ನಾನೇನು ಮಾಡಿಲ್ಲ ಅಂತ ನಂಗೊತ್ತದೆ. ಪರೀಕ್ಷೆ ನಾನು ಬರೀತೀನಿ. ನೀನು ಕಳುಸ್ದಿದ್ರೆ ನಡ್ಕೊಂಡ್ ಬಂದು ಬರೀತೀನಿ."

ಅವಳ ದನಿ ಏರಿರಲಿಲ್ಲ. ಪುಟ್ಟಸ್ವಾಮಿ ಮಗಳನ್ನು ಹೊಸಬಳನ್ನು ನೋಡುವಂತೆ ನೋಡಿದರು. ಮುಗಿದಿದ್ದ ಕೈ ಇಳಿಸಿದರು. ಆಮೇಲೆ ಸಾರ್ ಕಡೆ ತಿರುಗದೆ ನನ್ನನ್ನು ಕೇಳಿದರು: "ಯಾವತ್ತಿಂದ ಮೇಡಂ ಪರೀಕ್ಷೆ?"

ಭವ್ಯ ಬರೆದಳು, ಪಾಸಾದಳು, ಮೈಸೂರಿಗೆ ಮುಂದೆ ಓದಲು ಹೋದಳು.

ರಂಗಸ್ವಾಮಿ ಸಾರೂ ಮುಂದೆ ಹೋದರು. ಕೆಲ ತಿಂಗಳಲ್ಲೇ ಹೊಳೆನರಸೀಪುರದ ಕಾಲೇಜಿನಲ್ಲಿ ಒಂದು ಕಾರ್ಯಾಗಾರ ನಡೆಯಿತು, 'ಸೈಬರ್ ದಾಳಿಯನ್ನು ಎದುರಿಸಿದ ಬಗೆ' ಎಂದು. ಮುಖ್ಯ ಭಾಷಣ ಸಾರ್ ಅವರದು. ಶಾಲು, ಹಾರ, ಹಣ್ಣಿನ ಬುಟ್ಟಿ. "ಅಪ್‌ಡೇಟ್ ಅನ್ನೋದು ಉಸಿರಾಟ ಇದ್ದ ಹಾಗೆ" ಎಂದು ಅವರು ಹೇಳಿದಾಗ ಜನ ಬರೆದುಕೊಂಡರು. ಶತ್ರುಗಳು ವಿದೇಶದವರು ಎಂದೂ, ತಾವು ಊಟ ನಿದ್ರೆ ಬಿಟ್ಟು ಅವರನ್ನು ಹಿಮ್ಮೆಟ್ಟಿಸಿದ್ದಾಗಿಯೂ ಹೇಳಿದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಅವರ ಮುಖದಲ್ಲಿ ನಾಚಿಕೆಯ ಸುಳಿವಿರಲಿಲ್ಲ. ಹೇಳುತ್ತ ಹೇಳುತ್ತ ಅವರು ಅದನ್ನು ನಂಬಿಬಿಟ್ಟಿದ್ದರು ಎಂದು ತೋರುತ್ತದೆ. ಬರುವಾಗ ಹಣ್ಣಿನ ಬುಟ್ಟಿಯನ್ನು ನನ್ನ ಕೈಗಿಟ್ಟು, "ಅಮ್ಮನಿಗೆ ಕೊಡು" ಎಂದರು.

ನಿವೃತ್ತರಾದ ಮೇಲೆ ಅವರನ್ನು ನಾನು ಕಂಡದ್ದು ಒಂದೇ ಸಲ, ಚನ್ನರಾಯಪಟ್ಟಣದ ಒಂದು ಕಲ್ಯಾಣ ಮಂಟಪದಲ್ಲಿ, ನಮ್ಮ ಕಚೇರಿಯವರೊಬ್ಬರ ಮಗನ ಮದುವೆಯಲ್ಲಿ. ಸೊರಗಿದ್ದರು. ಸ್ವೆಟರ್ ದೊಡ್ಡದಾಗಿ ಕಾಣುತ್ತಿತ್ತು. ನನ್ನನ್ನು ನೆಂಟರಿಗೆಲ್ಲ "ನಾನೇ ಟ್ರೈನ್ ಮಾಡಿದ್ದು" ಎಂದು ಪರಿಚಯಿಸಿದರು. ಜನ ಚದುರಿದ ಮೇಲೆ ಹತ್ತಿರ ಬಂದು ದನಿ ಇಳಿಸಿದರು.

"ಆ ಅರಕಲಗೂಡಿನ ಉಡುಗಿ ಏನ್ಮಾಡ್ತಾವ್ಳೆ?"

"ಎಂ.ಎಸ್ಸಿ. ಮುಗೀತು ಸಾರ್. ಮೈಸೂರಲ್ಲೇ ಪಾಠ ಮಾಡ್ತಾಳೆ. ಆಗಾಗ ಫೋನ್ ಮಾಡ್ತಿರ್ತಾಳೆ."

"ಒಳ್ಳೇದಾಯ್ತು." ಸ್ವೆಟರಿನ ಅಂಚು ಎಳೆದುಕೊಂಡರು. "ಅವತ್ತು ಏನೋ ಒಂದು ಮಾತು ಅನ್ನಬೇಕಾಗಿತ್ತು ಕಣಮ್ಮ. ಬಾಯಿಗೆ ಬರ್ಲಿಲ್ಲ. ಅದೊಂದು ಉಳ್ಕೊಂಡ್ಬುಡ್ತು."

ಅವರ ಬಾಯಿಂದ ಇಷ್ಟು ಬಂದದ್ದೇ ನನಗೆ ಆಶ್ಚರ್ಯ. ಫೋನು ತೆಗೆದು ಭವ್ಯಳ ಹೆಸರು ಹುಡುಕಿ ಅವರ ಮುಂದೆ ಹಿಡಿದೆ.

"ನಂಬರ್ ಇದೆ ಸಾರ್. ಈಗಲೇ ಅನ್ನಿ. ನಾನು ಹಚ್ಚಿಕೊಡ್ತೀನಿ."

ಅವರು ಫೋನನ್ನು ನೋಡಿದರು. ಕೈ ಮುಂದೆ ಬಂದಂತೆಯೂ ಆಯಿತು. ಅಷ್ಟರಲ್ಲಿ ಊಟದ ಮನೆಯ ಬಾಗಿಲು ತೆಗೆದರು, ಜನ ಒಮ್ಮೆಗೇ ಅತ್ತ ನುಗ್ಗಿದರು.

"ಮೊದಲ ಪಂಕ್ತಿ ಕಣಮ್ಮ, ಜಾಗ ಸಿಗಾಕಿಲ್ಲ," ಎಂದು ಸಾರ್ ಆ ವಯಸ್ಸಿಗೆ ಮೀರಿದ ಚುರುಕಿನಲ್ಲಿ ಗುಂಪಿನೊಳಗೆ ಸೇರಿಕೊಂಡರು.

ಆ ಮಳೆಗಾಲದಲ್ಲೇ ಅವರು ತೀರಿಕೊಂಡರು. ಮಣ್ಣಿಗೆ ಹೋಗಲು ನನಗಾಗಲಿಲ್ಲ. ಅಮ್ಮ ಅತ್ತಳು. ನನಗೆ ನೆನಪಾಗುವುದು ಆ ಊಟದ ಮನೆ. ನಾನು ಒಳಗೆ ಹೋದಾಗ ಅವರು ಬಾಳೆಲೆಯ ಮುಂದೆ ಕೂತು, ಪಕ್ಕದ ಕುರ್ಚಿಗೆ ತಮ್ಮ ಕರ್ಚೀಫು ಹಾಸಿ, ಬಂದವರನ್ನೆಲ್ಲ "ಜನ ಅವ್ರೆ, ಜನ ಅವ್ರೆ" ಎಂದು ಮುಂದೆ ಕಳಿಸುತ್ತಿದ್ದರು. ನನ್ನನ್ನು ಕಂಡು ಕೈಯೆತ್ತಿ ಕರೆದರು. ನಾನು ಎದುರು ಸಾಲಿನಲ್ಲಿ ಕೂತೆ.